ಒಂದು ರಾಗಿಕಾಳಿನಷ್ಟು ಉದ್ದ ಹೆಚ್ಚಾದ ಪುಶ್ ರಾಡು

ಗಂಡನ ಜೊತೆ ಮಾತು ಬಿಟ್ಟ ಹೆಂಗಸರು ಬೇಕಾದಷ್ಟು ಜನ ಸಿಗುತ್ತಾರೆ. ಒಂದು ತಿಂಗಳು ಮಾತು ಬಿಟ್ಟರೂ ಅದು ಗಂಡನ ಗಮನಕ್ಕೇ ಬಾರದೆ ಹೋದವಳು ಮಾತ್ರ ನಾನೊಬ್ಬಳೇ ಇರಬೇಕು. ಬಡಿಸುತ್ತಿದ್ದೆ, ಉಣ್ಣುತ್ತಿದ್ದರು. ಕಾಫಿ ಲೋಟವನ್ನು ಟಕ್ ಅಂತ ಕುಕ್ಕುತ್ತಿದ್ದೆ, ಎತ್ತಿಕೊಂಡು ಕುಡಿಯುತ್ತಿದ್ದರು. ಮೂವತ್ತು ದಿನ ಒಳಗೊಳಗೇ ಉರಿದು, ಕೊನೆಗೆ ಒಂದು ಮಧ್ಯಾಹ್ನ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿ, ನಾನೇ ಸೋತು ಬಾಯಿ ಬಿಟ್ಟೆ. "ಉಪ್ಪು ಸರಿಯಾಗೈತಾ?" ಅಂತ ಕೇಳಿದೆ. "ಹೂಂ" ಅಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಇವರು ಅಂದರೆ ನನ್ನ ಗಂಡ. ಹೆಸರು ಹಿಡಿದು ಕರೆಯಲು ಆಗಲೂ ನಾಲಿಗೆ ಏಳುತ್ತಿರಲಿಲ್ಲ, ಈಗಲೂ ಏಳುವುದಿಲ್ಲ. ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರದಲ್ಲಿ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಅಂಗಡಿ. ಒಂದೇ ಬಾಗಿಲು, ಒಳಗೆ ಎರಡು ಕಸುಬು. ಮುಂದಿನ ಅರ್ಧದಲ್ಲಿ ನನ್ನ ಹೊಲಿಗೆ ಮಿಷನ್ನು, ಹಿಂದಿನ ಅರ್ಧದಲ್ಲಿ ಇವರ ಡೀಸೆಲ್ ಇಂಜಿನ್ ರಿಪೇರಿ. ರವಿಕೆ ಹೊಲಿಯಲು ಕೊಟ್ಟರೆ ಗ್ರೀಸ್ ಪುಕ್ಕಟೆ ಅಂತ ಹೆಂಗಸರು ಆಡಿಕೊಳ್ಳುತ್ತಿದ್ದರು. ಬೆಳಕು ಬೇಕಲ್ಲ ಅಂತ ನಾನು ರಸ್ತೆಯ ಕಡೆ ಮುಖ ಮಾಡಿ ಕೂರುತ್ತಿದ್ದೆ, ಬೆನ್ನು ಇವರ ಕಡೆಗೆ. ನಮ್ಮ ಸಂಸಾರದ ಮಾತುಕತೆಯಲ್ಲಿ ಮುಕ್ಕಾಲು ಪಾಲು ನಾನು ಹೀಗೆ ಬೆನ್ನು ಹಾಕಿಕೊಂಡು, ಕಾಲಲ್ಲಿ ಮಿಷನ್ನು ತುಳಿಯುತ್ತ, ರಸ್ತೆಯನ್ನು ನೋಡುತ್ತ ಹೇಳಿದ್ದು. ನನ್ನ ಬಾಯಿ ಜೋರು ಅಂತ ಬೀದಿಗೆಲ್ಲ ಗೊತ್ತಿತ್ತು. ಅಷ್ಟು ಜೋರಾದ ಬಾಯಿಯ ಮಾತು ಐದು ಮಾರು ದೂರದಲ್ಲಿ ಕೂತವರಿಗೆ ಮುಟ್ಟುತ್ತಿಲ್ಲ ಅಂತ ನಾನಾದರೂ ಹೇಗೆ ಎಣಿಸಲಿ?

ಇವರಿಗೆ ಹೆಸರು ಬಂದದ್ದೇ ಕಿವಿಯಿಂದ. ನಮ್ಮ ಸುತ್ತಮುತ್ತ ಆಲೆಮನೆಗಳು ಹೆಜ್ಜೆಗೊಂದು. ಕಬ್ಬು ಅರೆಯುವ ಗಾಣಕ್ಕೆ ಡೀಸೆಲ್ ಇಂಜಿನ್ನು. ಇಂಜಿನ್ನು ನಿಂತರೆ ಬೆಲ್ಲ ನಿಂತಿತು. ಇವರು ಹೋಗಿ, ಓಡುತ್ತಿರುವ ಇಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸುತ್ತ ನಿಂತವರೂ ಉಸಿರು ಬಿಗಿ ಹಿಡಿಯುತ್ತಿದ್ದರು. ಆಮೇಲೆ ಇವರು ಕಣ್ಣು ಬಿಟ್ಟು ಕಾಯಿಲೆ ಇಂಥದ್ದು ಅಂತ ಹೇಳಿದರೆ ಅದು ಸುಳ್ಳಾಗುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಬೇರೆ ಗಂಡಂದಿರು ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಇವರು ನನ್ನನ್ನು ಇಂಜಿನ್ನಿನ ಮುಂದೆ ಕೂರಿಸಿ ಪಾಠ ಹೇಳಿದರು. ಇಂಜಿನ್ನಿನ ತಲೆಗೆ ಹೆಡ್ಡು ಅನ್ನುತ್ತಾರೆ. ಅದರಲ್ಲಿ ಎರಡು ಪುಟ್ಟ ಬಾಗಿಲು, ಅವೇ ವಾಲ್ವುಗಳು. ಒಂದರಿಂದ ಗಾಳಿ ಒಳಕ್ಕೆ, ಇನ್ನೊಂದರಿಂದ ಹೊಗೆ ಹೊರಕ್ಕೆ. ಕೆಳಗಿನಿಂದ ಒಂದು ಉಕ್ಕಿನ ಕಡ್ಡಿ ಮೇಲಕ್ಕೆ ನೂಕುತ್ತದೆ, ಅದು ಪುಶ್ ರಾಡು. ಅದರ ಮೇಲೆ ಏತದ ಮರದ ಹಾಗೆ ಒಂದು ಅಡ್ಡ ತುಂಡು. ಕಡ್ಡಿ ಈ ತುದಿಯನ್ನು ಎತ್ತಿದರೆ ಆ ತುದಿ ಇಳಿದು ವಾಲ್ವನ್ನು ಒತ್ತಿ ತೆರೆಯುತ್ತದೆ. ಕಡ್ಡಿ ಇಳಿದಾಗ ಸ್ಪ್ರಿಂಗು ಎಳೆದು ಮುಚ್ಚುತ್ತದೆ. ಕಡ್ಡಿ ಗಿಡ್ಡವಾದರೆ ಬಾಗಿಲು ಪೂರ್ತಿ ತೆರೆಯದೆ ಲಟಲಟ ಬಡಿದುಕೊಳ್ಳುತ್ತದೆ. ಉದ್ದವಾದರೆ ಬಾಗಿಲು ಪೂರ್ತಿ ಮುಚ್ಚದೆ ಇಂಜಿನ್ನಿನ ದಮ್ಮು ಸೋರಿಹೋಗುತ್ತದೆ. ಕಬ್ಬಿಣ ಕಾದರೆ ಹಿಗ್ಗುತ್ತದಲ್ಲ, ಅದಕ್ಕಾಗಿ ಏತದ ತುದಿಗೂ ವಾಲ್ವಿಗೂ ನಡುವೆ ಒಂದು ಪೋಸ್ಟ್ ಕಾರ್ಡಿನ ದಪ್ಪದಷ್ಟು ಸಂದು ಬಿಡಬೇಕು. ಆ ಸಂದನ್ನು ಹೆಚ್ಚುಕಡಿಮೆ ಮಾಡುವುದಕ್ಕೆ ಏತದ ಇನ್ನೊಂದು ತುದಿಯಲ್ಲಿ ಒಂದು ತಿರುಪು ಇರುತ್ತದೆ. ಸಂದು ಸರಿಯಿದ್ದರೆ ಸಣ್ಣಗೆ ಟಿಕ್ ಟಿಕ್ ಅನ್ನುತ್ತದೆ.

"ಆ ಟಿಕ್ ಟಿಕ್ ಇರ್ಲೇಬೇಕು ಕಣಮ್ಮಿ. ಸದ್ದೇ ಇಲ್ಲ ಅಂದ್ರೆ ಇಂಜಿನ್ ಚೆಂದಾಗೈತೆ ಅಂತಲ್ಲ, ಬಾಗ್ಲು ಮುಚ್ತಾ ಇಲ್ಲ ಅಂತ" ಅಂದಿದ್ದರು. ನಾನು ಆಗ ತಲೆಯಾಡಿಸಿ ಮರೆತುಬಿಟ್ಟಿದ್ದೆ.

ಮಾತು ಬಿಟ್ಟದ್ದು ಯಾಕೆ ಅಂತ ಹೇಳಬೇಕು. ನನ್ನ ತವರು ನಾಗಮಂಗಲದ ಪಕ್ಕದ ಹಳ್ಳಿ. ಅಪ್ಪ ಉಬ್ಬಸ ಜಾಸ್ತಿಯಾಗಿ ಮಲಗಿಬಿಟ್ಟಿದ್ದರು. ತೋಟದ ಬಾವಿಯ ಹತ್ತಿರ ಅಪ್ಪನ ಹಳೆಯ ಡೀಸೆಲ್ ಇಂಜಿನ್ನು ಕೆಟ್ಟು ಕೂತಿತ್ತು. ಅಣ್ಣ ಕರೆಂಟ್ ಮೋಟಾರು ಹಾಕಿಸಿದ ಮೇಲೆ ಅದು ಯಾರಿಗೂ ಬೇಡವಾಗಿತ್ತು, ಅಪ್ಪನೊಬ್ಬರಿಗೆ ಬಿಟ್ಟು. "ಅಳೀಂದ್ರನ್ನ ಕರ್ಕಂಡು ಬರಕ್ಕೇಳು. ಒಂದೇ ಒಂದ್ ಸಲ ಓಡಿಸ್ಕೊಟ್ಟೋಗ್ಲಿ, ಆ ಸದ್ದು ಕೇಳ್ಬೇಕು" ಅಂತ ಹೇಳಿ ಕಳಿಸಿದ್ದರು. ನಾನು ಎಂದಿನ ಹಾಗೆ ಮಿಷನ್ನು ತುಳಿಯುತ್ತಲೇ, "ಬುಧ್ವಾರ ನಾಗ್ಮಂಗ್ಲಕ್ಕೆ ಹೋಗನ. ಅಪ್ಪ ನಿಮ್ಮುನ್ನ ನೋಡ್ಬೇಕಂತೆ, ಇಂಜಿನ್ ಓಡಿಸ್ಕೊಡ್ಬೇಕಂತೆ" ಅಂದೆ. ಹಿಂದಿನಿಂದ "ಹೂಂ" ಅಂತ ಬಂತು.

ಬುಧವಾರ ನಾನು ಸೀರೆ ಉಟ್ಟು ತಲೆ ಬಾಚಿಕೊಂಡು ಬರುವಷ್ಟರಲ್ಲಿ ಇವರು ಸೈಕಲ್ ಹತ್ತಿ ಯಾರದೋ ಟ್ರಾಕ್ಟರು ನೋಡಲು ಹೋಗಿಬಿಟ್ಟಿದ್ದರು. ಒಬ್ಬಳೇ ಹೋದೆ. ಅಪ್ಪ ನನ್ನ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದರು. "ಅಳೀಂದ್ರು?" ಅಂದರು. "ಮುಂದಿನ್ ವಾರ ಬತ್ತಾರೆ ಕಣಪ್ಪ" ಅಂದೆ. ಮುಂದಿನ ವಾರ ಬರುವುದರೊಳಗೆ ಅಪ್ಪ ಹೋಗಿಬಿಟ್ಟರು.

ಮಣ್ಣಿಗೆ ಬಂದ ಇವರು ಮಗುವಿನ ಹಾಗೆ ಅತ್ತರು. ಈಗ ಅತ್ತರೆ ಯಾರಿಗೆ ಬಂತು ಅಂತ ನಾನು ಹಲ್ಲು ಕಚ್ಚಿಕೊಂಡೆ. ಯಾಕೆ ಬರಲಿಲ್ಲ ಅಂತ ಬಾಯಿ ಬಿಟ್ಟು ಕೇಳಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ಆದರೆ ಜಗಳವಾಡುವುದಕ್ಕೂ ಒಂದು ಮನಸ್ಸು ಬೇಕಾಗುತ್ತದೆ. ನನಗೆ ಅದೂ ಉಳಿದಿರಲಿಲ್ಲ. ಹಾಗೆ ಶುರುವಾಯಿತು ಆ ಒಂದು ತಿಂಗಳು.

ಇದೆಲ್ಲ ಆಗಿ ಕೆಲವು ತಿಂಗಳ ಮೇಲೆ ಕೆ.ಆರ್. ಪೇಟೆ ಕಡೆಯ ಆಲೆಮನೆಯ ಯಜಮಾನರೊಬ್ಬರು ಟೆಂಪೋದಲ್ಲಿ ಇಂಜಿನ್ನು ಹಾಕಿಕೊಂಡು ಬಂದರು. ಮಾಕವಳ್ಳಿ ದಾರಿಯಲ್ಲಿ ಅವರ ಆಲೆಮನೆ. ಇಂಜಿನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕಿತ್ತು. ಹೆಡ್ಡಿನ ಕೆಳಮೈ ಗುಂಡಿ ಬಿದ್ದು ಹಾಳಾಗಿತ್ತು, ಅದನ್ನು ಲೇತಿನಲ್ಲಿ ಕೆತ್ತಿಸಿ ನುಣುಪು ಮಾಡಿಸಬೇಕು. ಪುಶ್ ರಾಡುಗಳು ಬಾಗಿದ್ದವು, ಹೊಸವು ಮಾಡಿಸಬೇಕು. ಅಳತೆಗೆ ಇವರದ್ದು ಒಂದೇ ಪದ್ಧತಿ. ಹಳೆಯದನ್ನು ತಟ್ಟಿ ನೆಟ್ಟಗೆ ಮಾಡಿ, ಅದರ ಉದ್ದಕ್ಕೆ ಸರಿಯಾಗಿ ತೆಂಗಿನ ಪೊರಕೆಯ ಕಡ್ಡಿ ಮುರಿದು, ತುದಿಗೆ ನನ್ನ ಮಿಷನ್ನಿನ ಕೆಂಪು ದಾರ ಕಟ್ಟಿ ಜೇಬಿಗೆ ಹಾಕಿಕೊಳ್ಳುವುದು. ಹೊಸದು ಆ ಕಡ್ಡಿಯಷ್ಟೇ ಇರಬೇಕು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಲೇತ್ ಅಂಗಡಿ ಇದ್ದದ್ದು ಶ್ರೀರಂಗಪಟ್ಟಣದಲ್ಲಿ. ಹೆಡ್ಡು ವಾಪಸ್ ತರುವ ದಿನ ಲೈನಿಂಗ್ ಬಟ್ಟೆ ಕೊಳ್ಳುವ ನೆಪದಲ್ಲಿ ನಾನೂ ಹೋಗಿದ್ದೆ. ಲೇತಿನ ಸಾಹೇಬರು ವಯಸ್ಸಾದವರು, ಕೈಯ ಕೆಲಸದಲ್ಲಿ ನಿಗಾ ಇದ್ದವರು. ಓಡುವ ಲೇತಿನ ಮೇಲೆ ಬಗ್ಗಿಕೊಂಡೇ, "ಗುಂಡಿ ಬಹಳ ಆಳ ಇತ್ತು ಭಾಯ್. ಮಾಮೂಲಿಗಿಂತ ಒಂದು ರಾಗಿಕಾಳಷ್ಟು ಜಾಸ್ತಿ ಕೆತ್ತಿದೀನಿ. ಖಯಾಲ್ ಇರ್ಲಿ, ಮರೀಬೇಡಿ" ಅಂದರು. ಇವರು "ಹೂಂ" ಅಂದರು. ನಾನು ಹೊರಗೆ ಬಾಗಿಲಲ್ಲಿ ನಿಂತಿದ್ದರೂ ನನಗೆ ಸ್ಪಷ್ಟವಾಗಿ ಕೇಳಿಸಿತು. ರಾಗಿಕಾಳಿಗೂ ಇಂಜಿನ್ನಿಗೂ ಏನು ಸಂಬಂಧವೋ ಅಂತ ನಗು ಬಂದು ಅಲ್ಲಿಗೇ ಬಿಟ್ಟೆ.

ಇಂಜಿನ್ನು ಕಟ್ಟಿದ್ದಾಯಿತು, ಕೊಂಡುಹೋಗಿ ಕೂರಿಸಿದ್ದಾಯಿತು. ಇವರನ್ನು ಟೆಂಪೋದಲ್ಲಿ ತಂದು ಬಿಟ್ಟ ಯಜಮಾನರು ನನ್ನ ಹತ್ತಿರ ಬಂದು, "ಭಾರಿ ಖುಷಿ ಆಯ್ತು ಕಣವ್ವ. ಸದ್ದೇ ಇಲ್ಲ, ಕಳ್ಳಬೆಕ್ಕು ನಡ್ದಂಗೆ ಓಡ್ತದೆ" ಅಂದರು. ನನಗೆ ಆ ಹಳೆಯ ಪಾಠ ನೆನಪಾಗಬೇಕಿತ್ತು. ಆಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತು. ನನ್ನ ಮುಂದೆ ಒಬ್ಬಳು ಬಾಣಂತಿ ನಿಂತು ಹೊಸ ರವಿಕೆ ಹಿಡಿದು ಜಗಳ ಕಾಯುತ್ತಿದ್ದಳು. ನಮ್ಮ ಕಡೆ ಹೆಂಗಸರು ಮೈಯ ಅಳತೆ ಕೊಡುವುದಿಲ್ಲ, ನಾಚಿಕೆ. ಹಳೆಯದೊಂದು ರವಿಕೆ ತಂದು ಬಿಸಾಕುತ್ತಾರೆ, ಅದು ಅಳತೆ ರವಿಕೆ. ಇವಳು ಮದುವೆಯ ರವಿಕೆ ತಂದು ಕೊಟ್ಟಿದ್ದಳು. "ನೋಡಕ್ಕ, ಹುಕ್ಕೇ ಮುಚ್ತಿಲ್ಲ" ಅಂದಳು. "ನೀನ್ ಕೊಟ್ಟ ಅಳ್ತೆಗೆ ದಾರದೆಳೆ ವ್ಯತ್ಯಾಸ ಇಲ್ಲ ಕಣವ್ವ. ರವಿಕೆ ಹಳೇದು, ಮೈ ಹೊಸದು. ನಾನೇನ್ ಮಾಡ್ಲಿ?" ಅಂತ ನಾನೂ ಏರಿಸಿದೆ.

ಅಷ್ಟರಲ್ಲಿ ಆಲೆಮನೆಯ ಯಜಮಾನರು ಬಿರುಗಾಳಿಯಂತೆ ನುಗ್ಗಿದರು. ನನ್ನನ್ನು ದಾಟಿ ಒಳಗೆ ಹೋಗಿ, ಇವರ ಬೆನ್ನ ಹಿಂದೆ ನಿಂತು ಶುರು ಹಚ್ಚಿಕೊಂಡರು. "ಲೇ, ಏನ್ಲಾ ಮಾಡ್ಕೊಟ್ಟಿದ್ದೀಯ? ಅರ್ಧ ಗಂಟೆ ಓಡ್ತದೆ, ಕಾವೇರ್ತಿದ್ದಂಗೆ ಪುಸ್ ಪುಸ್ ಅಂತ ದಮ್ಮು ಬುಟ್ಟು ನಿಂತ್ಕತದೆ! ಗಾಣದ ಬಾಯಲ್ಲಿ ಕಬ್ಬು ಕಚ್ಕಂಡದೆ, ಅರ್ಧ ಕೊಪ್ಪರಿಗೆ ಕಬ್ಬಿನ ಹಾಲು ಹುಳಿ ಬಂದೋಯ್ತು. ಮಾತಾಡ್ಲಾ!"

ಇವರು ಯಾವುದೋ ಸಣ್ಣ ಸಾಮಾನನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ ಕೂತಿದ್ದರು. ತಿರುಗಲಿಲ್ಲ. ಬಾಯಲ್ಲಿ ಏನೋ ರಾಗ ಗುನುಗುತ್ತಿದ್ದರು.

"ನೋಡವ್ವಾ, ನಿನ್ ಗಂಡನ ಕೊಬ್ಬು ನೋಡು!" ಅಂತ ಯಜಮಾನರು ನನ್ನ ಕಡೆ ತಿರುಗಿದರು.

ನನ್ನ ಕೈಯಲ್ಲಿ ದೊಡ್ಡ ಕತ್ತರಿ ಇತ್ತು. ಯಾಕೆ ಹಾಗೆ ಮಾಡಿದೆನೋ, ಎದ್ದು ಹೋಗಿ ಇವರ ಬೆನ್ನ ಹಿಂದೆ ಸಿಮೆಂಟ್ ನೆಲದ ಮೇಲೆ ಅದನ್ನು ಎತ್ತಿ ಹಾಕಿದೆ. ಖಣಾರ್ ಅಂತು. ಬಾಣಂತಿ ಬೆಚ್ಚಿಬಿದ್ದಳು, ಅವಳ ಸೊಂಟದ ಕೂಸು ಅಳಲು ಶುರು ಮಾಡಿತು. ಇವರ ರಾಗ ನಿಲ್ಲಲಿಲ್ಲ. ಅಯ್ಯೋ ದೇವರೇ, ಇವರಿಗೆ ಕೇಳಿಸುತ್ತಿಲ್ಲ.

ಯಜಮಾನರಿಗೆ ಹೇಗೋ ಕಾಫಿ ಕುಡಿಸಿ, "ಅಣ್ಣ, ನಾಳೆ ಮೊದಲ್ನೇ ಬಸ್ಸಿಗೆ ನಾನೇ ಕರ್ಕಂಡ್ ಬತ್ತೀನಿ. ಇಷ್ಟ್ ದಿನ ನಂಬಿದ್ದ್ರಿ, ಇನ್ನೊಂದ್ ದಿನ ನಂಬಿ" ಅಂತ ಕೈಮುಗಿದು ಕಳಿಸಿದೆ. ಬಾಣಂತಿಗೆ ರವಿಕೆ ಬಿಚ್ಚಿ ಹೊಲಿದುಕೊಡುವುದಾಗಿ ಒಪ್ಪಿಕೊಂಡೆ. ಆಮೇಲೆ ಇವರ ಎದುರಿಗೆ ಹೋಗಿ, ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಮಾರ್ಕಿಂಗ್ ಚಾಕಿನಲ್ಲಿ ದೊಡ್ಡದಾಗಿ ಬರೆದೆ. ಆಲೆಮನೆ ಇಂಜಿನ್ನು ನಿಂತಿದೆಯಂತೆ, ಯಜಮಾನರು ಬಂದು ಕೂಗಾಡಿ ಹೋದರು. ನಿಮಗೆ ಕಿವಿ ಕೇಳಿಸುವುದಿಲ್ಲವಾ?

ಓದಿದರು. ಅಂಗೈಯಿಂದ ಗಸಗಸ ಅಳಿಸಿಹಾಕಿದರು. ಆಮೇಲೆ ಅಳಿಸಿದ ಜಾಗವನ್ನೇ ನೋಡುತ್ತ ಕೂತರು.

"ಎರಡು ವರ್ಷಾಯ್ತು. ಸ್ವಲ್ಪ ಸ್ವಲ್ಪವೇ ಓಯ್ತು. ಯಾರ್ಗೂ ಏಳ್ಬೇಡ ಕಣಮ್ಮಿ. ಕಿವುಡನ ಕೈಗೆ ಯಾರು ಇಂಜಿನ್ ಕೊಟ್ಟಾರು? ನಾಳೆ ಓಗಿ ಅವ್ರದ್ದೊಂದು ನೋಡ್ತೀನಿ. ಆಗ್ನಿಲ್ವಾ, ಅಂಗಡಿ ಮುಚ್ಬುಡ್ತೀನಿ" ಅಂದರು.

ನನಗೆ ಬಯ್ಯಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ವರ್ಷ ನನ್ನ ಹತ್ತಿರವೂ ಮುಚ್ಚಿಟ್ಟರಲ್ಲ ಅಂತ ಸಿಟ್ಟು ಉಕ್ಕಿತು. ಅದರ ಹಿಂದೆಯೇ ಆ ಬುಧವಾರ ನೆನಪಾಯಿತು. ಮಿಷನ್ನಿನ ಸದ್ದಿನಲ್ಲಿ, ಬೆನ್ನು ಹಾಕಿಕೊಂಡು ನಾನು ಹೇಳಿದ ಮಾತು. ಹಿಂದಿನಿಂದ ಬಂದ ಆ ಹೂಂ. ಸಿಟ್ಟೆಲ್ಲ ಇಳಿದುಹೋಯಿತು. ಆದರೆ ಆ ಮಾತು ಅವತ್ತು ಎತ್ತಲಿಲ್ಲ. ಮೊದಲೇ ಕುಸಿದು ಕೂತವರ ಮೇಲೆ ಇನ್ನೊಂದು ಹೊರೆ ಹೇಗೆ ಹಾಕಲಿ?

ಮಾರನೆಯ ದಿನ ಚಿನಕುರಳಿ ಮೇಲೆ ಹೋಗುವ ಬಸ್ಸು ಹಿಡಿದು ಹೊರಟೆವು. ಕಬ್ಬಿನ ಗಾಡಿಗಳು ಕಾರ್ಖಾನೆ ಕಡೆ ಸಾಲಾಗಿ ಹೋಗುತ್ತಿದ್ದವು. ಇವರ ತೊಡೆಯ ಮೇಲೆ ಸಾಮಾನಿನ ಚೀಲ, ಮುಖದಲ್ಲಿ ಕಳೆಯಿಲ್ಲ. ಆಲೆಮನೆಯಲ್ಲಿ ಗಾಣ ನಿಂತಿತ್ತು, ಒಲೆ ಆರಿತ್ತು. ಆಳುಗಳು ಸಿಪ್ಪೆಯ ರಾಶಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು. ಯಜಮಾನರು ಇಂಜಿನ್ನಿನ ಕಡೆ ಕೈ ಮಾಡಿದರು.

ಇಂಜಿನ್ನು ಹೊತ್ತಿಸಿದರು. ನಿಜಕ್ಕೂ ಸದ್ದೇ ಇಲ್ಲ. ನಾನು ಹತ್ತಿರ ಹೋಗಿ ಕಿವಿಗೊಟ್ಟೆ, ಟಿಕ್ ಟಿಕ್ ಇಲ್ಲ. ಇವರ ಮುಖದ ಮುಂದೆ ಬಂದು ಅಂಗೈಯನ್ನು ಅಡ್ಡಡ್ಡ ಆಡಿಸಿ ಇಲ್ಲ ಅಂತ ತೋರಿಸಿದೆ. ಇವರ ಕಣ್ಣು ದೊಡ್ಡದಾಯಿತು. ಅರ್ಧ ಗಂಟೆಗೆ ಸರಿಯಾಗಿ ಹೊಗೆಯ ಕೊಳವೆಯಲ್ಲಿ ಪುಸ್ ಪುಸ್ ಶುರುವಾಯಿತು, ಇಂಜಿನ್ನು ನರಳಿ ನಿಂತಿತು.

ಇವರು ಮೇಲಿನ ಮುಚ್ಚಳ ತೆಗೆದರು. ಬಿಸಿ ಇರುವಾಗಲೇ ಪುಶ್ ರಾಡನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ನಾವು ಸೂಜಿಗೆ ಪೋಣಿಸುವ ಮುಂಚೆ ದಾರ ಹೊಸೆಯುತ್ತೇವಲ್ಲ, ಹಾಗೆ ಹೊಸೆದು ನೋಡಿದರು. ಬೆರಳು ಚುರ್ರ್ ಅಂದಿರಬೇಕು, ಬಿಡಲಿಲ್ಲ. ಕಡ್ಡಿ ತಿರುಗಲಿಲ್ಲ. "ಬಿಗ್ದೈತೆ. ವಾಲ್ವು ಮುಚ್ತಾ ಇಲ್ಲ" ಅಂದರು. ಆಮೇಲೆ ಜೇಬಿನಿಂದ ಕೆಂಪು ದಾರದ ಪೊರಕೆ ಕಡ್ಡಿ ತೆಗೆದು ಹಿಡಿದರು. ಕೂದಲೆಳೆ ವ್ಯತ್ಯಾಸವಿಲ್ಲ. ತಿರುಪನ್ನು ನೋಡಿದರೆ ಅದು ಆಗಲೇ ಮೇಲಿನ ಕೊನೆ ಮುಟ್ಟಿ ನಿಂತಿತ್ತು, ಇನ್ನು ಬಿಚ್ಚಲು ಜಾಗವಿಲ್ಲ. "ಅಳ್ತೆ ಸರಿಯಾಗೈತಲ್ಲ, ಹಳೇದು ಎಷ್ಟಿತ್ತೋ ಅಷ್ಟೇ ಐತಲ್ಲ" ಅಂತ ತಮಗೆ ತಾವೇ ಹೇಳಿಕೊಂಡರು. ಮತ್ತೆ ಪೊರಕೆ ಕಡ್ಡಿ ಹಿಡಿದು ಅಳೆದರು.

ಹಳೆಯದು ಎಷ್ಟಿತ್ತೋ ಅಷ್ಟು. ನನಗೆ ಥಟ್ಟನೆ ಬಾಣಂತಿ ಕಣ್ಣ ಮುಂದೆ ಬಂದಳು, ಅವಳ ಮುಚ್ಚದ ಹುಕ್ಕು ಬಂತು, ಅದರ ಹಿಂದೆ ಶ್ರೀರಂಗಪಟ್ಟಣದ ರಾಗಿಕಾಳು ಬಂತು. ಇವರ ಗದ್ದ ಹಿಡಿದು ಮುಖ ತಿರುಗಿಸಿಕೊಂಡೆ. ಆಳುಗಳೆಲ್ಲ ನೋಡುತ್ತಿದ್ದರು, ನೋಡಿಕೊಳ್ಳಲಿ.

"ಮೈ ಬದಲಾದ ಮೇಲೆ ಅಳತೆ ರವಿಕೆ ಏನ್ ಬಂತು? ಹೆಡ್ಡು ಕೆತ್ತಿಸಿದ್ರಲ್ಲ! ತಲೆ ಕೆಳಗಿಳೀತು, ಕಡ್ಡಿ ಮಾತ್ರ ಮೊದ್ಲಷ್ಟೇ ಉದ್ದ ಐತೆ. ಸಾಬ್ರು ಅವತ್ತು ಏಳುದ್ರಲ್ಲ, ಮಾಮೂಲಿಗಿಂತ ಒಂದ್ ರಾಗಿಕಾಳಷ್ಟು ಜಾಸ್ತಿ ಕೆತ್ತಿದೀನಿ ಅಂತ!"

ನನ್ನ ತುಟಿಯನ್ನೇ ನೋಡುತ್ತಿದ್ದರು. "ಯಾವಾಗ ಏಳುದ್ರು?"

"ನೀವು ಹೂಂ ಅಂದ್ರಿ!"

ಸಂದನ್ನು ಇವರು ಕಾರ್ಡು ಇಟ್ಟು ಅಳೆದವರಲ್ಲ, ಸದ್ದಿನಲ್ಲೇ ಗೊತ್ತುಮಾಡಿಕೊಳ್ಳುತ್ತಿದ್ದರು. ಕಿವಿ ಚೆನ್ನಾಗಿದ್ದ ಕಾಲದಲ್ಲಿ ಅಳತೆ ಹೆಚ್ಚುಕಡಿಮೆಯಾದರೂ ಕೊನೆಗೆ ಕಿವಿ ಅದನ್ನು ತಿದ್ದಿಬಿಡುತ್ತಿತ್ತು. ಈಗ ತಿದ್ದುವವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಯಜಮಾನರು ಹಿಂದಿನಿಂದ, "ಏನ್ಲಾ ಅದು ಗುಸುಗುಸು? ಆಯ್ತದೋ ಇಲ್ವೋ?" ಅಂತ ಅರಚಿದರು. ನಾನು ಕಣ್ಣಲ್ಲಿ ಅವರ ಕಡೆ ತೋರಿಸಿದೆ. ಇವರು ತಿರುಗಿದರು. ಎಲ್ಲರ ಎದುರಿಗೆ, ನೆಟ್ಟಗೆ ನಿಂತು ಹೇಳಿದರು.

"ಯಜಮಾನ್ರೇ, ನಂಗೆ ಕಿವಿ ಓಗೈತೆ. ನಿಮ್ ಇಂಜಿನ್ ಕೆಟ್ಟಿದ್ದು ಅದ್ರಿಂದ್ಲೇ. ಮಾತಾಡೋದಾದ್ರೆ ಮುಂದ್ಗಡೆ ಬಂದು ಮಾತಾಡಿ. ಇಂಜಿನ್ನ ನಾನು ಸರಿ ಮಾಡ್ತೀನಿ."

ಯಜಮಾನರು ಮುಂದಕ್ಕೆ ಬಂದರು. ಹೊಡೆಯುತ್ತಾರೇನೋ ಅಂದುಕೊಂಡೆ. "ಮೊದ್ಲೇ ಏಳಕ್ಕೆ ನಿಂಗೇನ್ಲಾ ದಾಡಿ ಬಂದಿತ್ತು? ಆಲೆಮನೆ ಇಂಜಿನ್ ಮುಂದೆ ಕುಂತವ್ರಲ್ಲಿ ಯಾವನ್ಗ್ಲಾ ಕಿವಿ ನೆಟ್ಟಗವೆ? ನಂಗೂ ಎಡಗಡೇದು ಕೇಳ್ಸಕಿಲ್ಲ. ಅದ್ಕೇ ಕಣ್ಲಾ ನಾನು ಇಂಗೆ ಕಿರುಚ್ಕಂಡ್ ಸಾಯೋದು!" ಅಂದರು. ಆಳುಗಳು ಹೋ ಅಂತ ನಕ್ಕರು. ಇವರಿಗೆ ಎಷ್ಟು ಅರ್ಥವಾಯಿತೋ, ನಗುವ ಮುಖಗಳನ್ನು ನೋಡಿ ತಾವೂ ನಕ್ಕರು.

ಆಮೇಲೆ ಕೆಲಸ ಸಲೀಸಾಯಿತು. ಪುಶ್ ರಾಡಿನ ಕೆಳತುದಿಯ ಟೊಪ್ಪಿಯನ್ನು ತಟ್ಟಿ ಬಿಡಿಸಿ, ಹ್ಯಾಕ್ಸಾದಲ್ಲಿ ಒಂದು ರಾಗಿಕಾಳಿನಷ್ಟು ಕೊಯ್ದು, ಅರದಿಂದ ಉಜ್ಜಿ ಮಟ್ಟ ಮಾಡಿ, ಟೊಪ್ಪಿಯನ್ನು ಮತ್ತೆ ಬಿಗಿಯಾಗಿ ಕೂರಿಸಿದರು. ಎರಡಕ್ಕೂ ಹಾಗೇ. ಪೋಸ್ಟ್ ಕಾರ್ಡಿನ ಚೂರು ಇಟ್ಟು ಸಂದು ನೋಡಿದರು. ಕಾದ ಮೇಲೆ ಮತ್ತೆ ನಿಲ್ಲಿಸಿ, ಬೆರಳಲ್ಲಿ ಹೊಸೆದು ನೋಡಿದರು. ಕಡ್ಡಿ ಸಲೀಸಾಗಿ ತಿರುಗಿತು. ಇನ್ನೊಮ್ಮೆ ಹೊತ್ತಿಸಿದಾಗ ಕಿವಿಗೊಟ್ಟ ನಾನು ಒಂದು ಬೆರಳೆತ್ತಿ ತೋರಿಸಿದೆ. ಟಿಕ್ ಟಿಕ್ ಬಂದಿತ್ತು. ಒಂದು ಗಂಟೆ ಗಾಣ ಓಡಿದರೂ ಉಸಿರು ಕಟ್ಟಲಿಲ್ಲ. ಇವರು ತಮ್ಮ ಎರಡು ಬೆರಳನ್ನು ಹೊಸದಾಗಿ ಸಿಕ್ಕಿದ ಸಾಮಾನಿನಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅಂಗಡಿ ಮುಚ್ಚುವ ಮಾತು ಮತ್ತೆ ಬರಲಿಲ್ಲ. ಪಾಂಡವಪುರಕ್ಕೆ ಮರಳಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಹೊಲಿಗೆ ಮಿಷನ್ನನ್ನು ಒಳಮುಖವಾಗಿ ತಿರುಗಿಸಿದ್ದು. ಬೆಳಕು ಸಾಲದು, ಕಣ್ಣು ನೋಯುತ್ತದೆ, ಇರಲಿ.

ಅವತ್ತು ಆಲೆಮನೆಯಿಂದ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿಗೆ ಬಂದಾಗ ಮಧ್ಯಾಹ್ನ ಇಳಿಯುತ್ತಿತ್ತು. ಪಾಂಡವಪುರದ ಬಸ್ಸು ಹತ್ತಿ ಕೂತೆವು. ಡ್ರೈವರು ಇಂಜಿನ್ನು ಶುರು ಮಾಡಿ ಟೀ ಕುಡಿಯಲು ಇಳಿದಿದ್ದ. ಇವರು ನನ್ನ ಕಡೆ ತಿರುಗಿ ಕೇಳಿದರು.

"ನಂಗೆ ಕೇಳಿಸ್ದೇ ಇದ್ದಿದ್ದು ಇನ್ನೂ ಏನೇನ್ ಏಳಿದ್ದೆ ಅಮ್ಮಿ?"

ಅಲ್ಲಿಯವರೆಗೆ ತಡೆದಿದ್ದೆಲ್ಲ ನುಗ್ಗಿ ಬಂತು. ಬಸ್ಸಿನ ಸದ್ದಿನ ಮೇಲೆ, ಕಿವಿಗೆ ಬಾಯಿಟ್ಟು, ಬಸ್ಸಿನಲ್ಲಿದ್ದ ಅಷ್ಟೂ ಜನಕ್ಕೆ ಕೇಳುವ ಹಾಗೆ ಕೂಗಿ ಹೇಳಿದೆ. ಅಪ್ಪ ನಿಮ್ಮನ್ನ ಕರ್ಕಂಡ್ ಬಾ ಅಂದಿದ್ದ್ರು. ಇಂಜಿನ್ ಓಡಿಸ್ಕೊಡ್ಲಿ ಅಂದಿದ್ದ್ರು. ನೀವು ಹೂಂ ಅಂದು ಬರ್ನಿಲ್ಲ. ನಾನು ಒಂದ್ ತಿಂಗ್ಳು ಮಾತು ಬುಟ್ಟೆ. ಹಿಂದಿನ ಸೀಟಿನ ಮುದುಕಿ ಲೊಚಗುಟ್ಟಿದ್ದು ಕೇಳಿಸಿತು.

ಇವರು, "ಮಾವ ಕರ್ದಿದ್ರಾ?" ಅಂದರು. ಅಷ್ಟೇ. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದರು. "ಬೇರೆ ಎಲ್ಲಾ ಓಗಿತ್ತು ಕಣಮ್ಮಿ, ನಿನ್ ದನಿ ಮಾತ್ರ ಕೇಳ್ತಿತ್ತು. ಮಾತು ಬುಡ್ಸಕ್ಕಾಗ್ತಿರ್ನಿಲ್ಲ, ದನಿ ಕೇಳ್ತಿತ್ತು. ಅದೂ ನಿಂತೋಯ್ತು. ಸರಿ, ಪೂರ್ತಿ ಮುಗೀತು, ಇವ್ಳ್ದೂ ಓಯ್ತು ಅನ್ಕಂಡೆ. ಆಮೇಲೊಂದಿನ ಉಣ್ತಾ ಇದ್ದಾಗ ನೀನ್ ಏನೋ ಕೇಳ್ದೆ ನೋಡು, ಆ ಉಪ್ಪಿಲ್ಲದ ಸಾರಿನ ದಿನ. ದನಿ ವಾಪಸ್ ಬಂತಲ್ಲ ಅಂತ ಇನ್ನೊಂದು ಮುದ್ದೆ ಉಂಡೆ."

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತೆ. ಒಂದು ತಿಂಗಳು ನಾನು ಇವರಿಗೆ ಮಾಡಿದ್ದೇನು ಅಂತ ಆಗ ತಿಳಿಯಿತು.

ಇವರು ಚೀಲ ಹೆಗಲಿಗೇರಿಸಿಕೊಂಡು ಎದ್ದರು. "ಇಳಿ" ಅಂದರು. ಪಕ್ಕದಲ್ಲಿ ನಾಗಮಂಗಲದ ಬಸ್ಸು ಹೊರಡಲು ನಿಂತಿತ್ತು.

ತವರು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅವ್ವನಿಗೆ ಮುಖ ತೋರಿಸಿ ಸೀದಾ ತೋಟಕ್ಕೆ ಹೋದೆವು. ಬಾವಿಯ ಪಕ್ಕ ಇಂಜಿನ್ನಿನ ಮೇಲೆ ಗೋಣಿಚೀಲ ಹೊದಿಸಿ, ಹಾರದಿರಲಿ ಅಂತ ಕಲ್ಲಿಟ್ಟಿದ್ದರು. ಇವರು ಕಲ್ಲು ಇಳಿಸಿ, ಚೀಲ ತೆಗೆದು, ಮುಚ್ಚಳ ಬಿಚ್ಚಿದರು. ಒಂದು ವಾಲ್ವು ಕಚ್ಚಿಕೊಂಡಿತ್ತು. ಅದರ ಪುಶ್ ರಾಡು ಏತದ ಬುಡದಿಂದ ಜಾರಿ ಪಕ್ಕಕ್ಕೆ ಒರಗಿತ್ತು. ಅಷ್ಟೇ, ಬೇರೆ ಏನೂ ಆಗಿರಲಿಲ್ಲ. ಸೀಮೆಎಣ್ಣೆ ಬಿಟ್ಟು, ಮೆಲ್ಲಗೆ ತಟ್ಟಿ ಸಡಿಲಿಸಿ, ಕಡ್ಡಿಯನ್ನು ಅದರ ಜಾಗಕ್ಕೆ ಕೂರಿಸಿ, ಎರಡು ಬೆರಳಲ್ಲಿ ಹೊಸೆದು ನೋಡುತ್ತ ತಿರುಪು ಬಿಗಿದರು. ಹಳೆಯ ಡೀಸೆಲ್ ಚೆಲ್ಲಿ ಹೊಸದು ಹುಯ್ದರು. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ.

ಅವ್ವ ಬದುವಿನ ಮೇಲೆ ಬಂದು ನಿಂತಿದ್ದಳು. "ಮಾರ್ಬುಡನ ಅಂತ ನಿಮ್ಮಣ್ಣ ಎಷ್ಟ್ ಸಲಿ ಅಂದ. ಅವ್ರು ಬುಡ್ನಿಲ್ಲ. ಅಳೀಂದ್ರು ಬರಗಂಟ ಯಾರೂ ಮುಟ್ಬೇಡಿ ಅಂದಿದ್ರು" ಅಂದಳು. ಅದನ್ನು ನಾನು ಇವರಿಗೆ ತಿರುಗಿಸಿ ಹೇಳಲಿಲ್ಲ. ಅವ್ವನ ಮುಖ ನೋಡಿಯೇ ಇವರಿಗೆ ತಿಳಿದಿತ್ತು ಅಂತ ಕಾಣುತ್ತದೆ.

ಅಣ್ಣ ಹ್ಯಾಂಡಲ್ ಹಾಕಿ ತಿರುಗಿಸಿದ. ಎರಡು ಸಲ ಕೆಮ್ಮಿತು, ಮೂರನೆಯ ಸಲಕ್ಕೆ ಹೊತ್ತಿಕೊಂಡಿತು. ಕಪ್ಪು ಹೊಗೆ ಬಂದು, ಬೆಳ್ಳಗಾಗಿ, ತೆಳ್ಳಗಾಯಿತು. ಚಿಕ್ಕಂದಿನಿಂದ ಕೇಳಿದ ಸದ್ದು ತೋಟದ ತುಂಬ ಹರಡಿತು. ಅಪ್ಪ ಇದನ್ನು ಕೇಳಬೇಕು ಅಂದಿದ್ದರು.

"ಎಂಗೈತೆ?" ಅಂತ ಇವರು ನನ್ನ ಕಡೆ ನೋಡಿದರು.

ನಾನು ಗ್ರೀಸು ಹತ್ತಿದ ಅವರ ಅಂಗೈಯನ್ನು ಹಿಡಿದುಕೊಂಡು, ಅದರ ಮೇಲೆ ನನ್ನ ಬೆರಳಿನಿಂದ ತಟ್ಟಿದೆ. ಟಿಕ್ ಟಿಕ್, ಟಿಕ್ ಟಿಕ್, ಇಂಜಿನ್ನಿನ ಸಮಕ್ಕೆ. ಅವರು ಮೊದಲಿನ ಕಾಲದಂತೆ ಕಣ್ಣು ಮುಚ್ಚಿಕೊಂಡು ನಿಂತರು. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು, ಮೆಲ್ಲಗೆ ಕೇಳಿದರು.

"ಮಾವಂಗೆ ಕೇಳಿಸಿರ್ತದಾ?"

ನಾನು ಅವರ ಎದುರಿಗೆ ಬಂದು, ತುಟಿ ಕಾಣುವ ಹಾಗೆ ನಿಂತು, "ಹೂಂ" ಅಂದೆ.